ಗೀಟು ಅಳಿಸಿದ ಯಜಮಾನರು

ರಜೆಯ ದಿನ ಸುಮ್ಮನೆ ಕೂರುವುದು ಯಜಮಾನರ ಜಾಯಮಾನದಲ್ಲೇ ಇಲ್ಲ. ಫೋಟೊ ಸ್ಟುಡಿಯೊದಲ್ಲಿ ಅವರದು ಟಚಿಂಗ್ ಕೆಲಸ. ಹಳೆಯ ಫೋಟೊಗಳ ಮೇಲಿನ ಕಲೆ, ಗೀರು, ಚುಕ್ಕೆಗಳನ್ನು ಕುಂಚದಿಂದ ಮಾಯ ಮಾಡುವುದರಲ್ಲಿ ಎತ್ತಿದ ಕೈ. (ಒಮ್ಮೆ ಉತ್ಸಾಹದ ಭರದಲ್ಲಿ ಮದುಮಗಳ ಕೆನ್ನೆಯ ಮಚ್ಚೆಯನ್ನೂ ತೆಗೆದು, ಗಂಡಿನ ಕಡೆಯವರು “ಇವಳ್ಯಾರು?” ಎಂದು ಕೇಳುವಂತೆ ಮಾಡಿದ್ದರು.)

ಅಂಥವರ ಕಣ್ಣಿಗೆ ಆ ಮಧ್ಯಾಹ್ನ ಊಟದ ಮೇಜಿನ ಮೇಲಿದ್ದ ಹೆಂಡತಿಯ ಹಾಳೆಗಳು ಬಿದ್ದವು. ಆಕೆ ಸ್ಪ್ಯಾನಿಷ್ ಕಲಿಸುವ ಮೇಡಂ. ಎರಡು ವರ್ಷ ಕೂತು ಬರೆದ ಪಾಠಪುಸ್ತಕ ಆವತ್ತೇ ಪ್ರೆಸ್ಸಿಗೆ ಹೋಗಬೇಕೆಂದು ವಾರದಿಂದ ಜಪ ಮಾಡುತ್ತಿದ್ದಳು. ನೋಡಿದರೆ ಅಕ್ಷರಗಳ ನೆತ್ತಿಯ ಮೇಲೆಲ್ಲ ಸಣ್ಣ ಸಣ್ಣ ಕೊಳೆ! ಯಜಮಾನರ ಕರುಳು ಚುರುಕ್ಕೆಂದಿತು. ಬಿಳಿ ಬಣ್ಣ ತಂದರು, ಕುಂಚ ಹಿಡಿದರು, ಎರಡು ಗಂಟೆಯಲ್ಲಿ ನಲವತ್ತು ಹಾಳೆಗಳನ್ನು ಶುಭ್ರ ಮಾಡಿಟ್ಟರು.

ಮಗಳು ಇಣುಕಿ ನೋಡಿ ಕಿರುಚಿದಳು. “ಅಪ್ಪಾ, ಅದು ಕೊಳೆಯಲ್ಲ! ಸ್ಪ್ಯಾನಿಷ್‌ನಲ್ಲಿ ಕ್ರಿಯಾಪದದ ಬಾಲಕ್ಕೆ ‘ನನಗೆ’, ‘ಅದನ್ನು’ ಅಂತ ಅಂಟಿಸಿದ್ರೆ ಪದ ಉದ್ದ ಆಗುತ್ತೆ. ಉಚ್ಚಾರಣೆಯ ಒತ್ತು ಜಾಗ ಬಿಟ್ಟು ಜಾರದಿರಲಿ ಅಂತ ಮೇಲೆ ಗೀಟು ಹಾಕ್ತಾರೆ!”

“ಹಾಗಾದ್ರೆ ಮತ್ತೆ ಹಾಕಿದ್ರಾಯ್ತು. ಎಲ್ಲೆಲ್ಲಿ ಹಾಕ್ಬೇಕು?”

“ಅಮ್ಮನ್ನೇ ಕೇಳು,” ಎಂದು ಮಗಳು ಚಪ್ಪಲಿ ಮೆಟ್ಟಿದಳು.

ಎರಡು ವರ್ಷದ ದುಡಿಮೆ! ಯಜಮಾನರು ಕರಿ ಮಸಿ ಹಿಡಿದು, ಉದ್ದ ಪದ ಕಂಡಲ್ಲೆಲ್ಲ ದೇವರ ಮೇಲೆ ಭಾರ ಹಾಕಿ ಗೀಟೆಳೆದರು. ಅನುಮಾನ ಬಂದಲ್ಲಿ ಎರಡೆರಡು ಎಳೆದರು.

ಸಂಜೆ ಹೆಂಡತಿ ಮನೆಗೆ ಬಂದಾಗ ಬೆವರೊರೆಸಿಕೊಂಡು ಎಲ್ಲ ಒಪ್ಪಿಕೊಂಡರು. “ತಪ್ಪಾಯ್ತು ಕಣೇ. ಪುಸ್ತಕ ಹಾಳು ಮಾಡ್ಬಿಟ್ಟೆ.”

ಆಕೆ ಹಾಳೆ ತಿರುವಿದಳು. ಹುಬ್ಬು ಮೇಲೇರಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ರೀ, ಇದು ಹಳೇ ಪ್ರತಿ. ಒಳ್ಳೇದನ್ನ ಬೆಳಿಗ್ಗೆ ಎದ್ದ ತಕ್ಷಣ ಪ್ರೆಸ್ಸಿಗೆ ಕೊಟ್ಟುಬಂದೆ.”

“ಸಂಜೆ ಕೊಡ್ತೀನಿ ಅಂದಿದ್ಯಲ್ಲ?”

“ಇವತ್ತು ನಿಮಗೆ ರಜ ಅಂತ ನೆನಪಾಯ್ತು.”

ಯಜಮಾನರಿಗೆ ಹೋದ ಜೀವ ಬಂದಂತಾಯಿತು. ಅವಮಾನವಾಯಿತೆಂಬುದೂ ಹೊಳೆಯದಷ್ಟು ನೆಮ್ಮದಿ. ಹಾಳೆಗಳನ್ನು ಕಸದ ಬುಟ್ಟಿಗೆ ಹಾಕಲು ಕೈಚಾಚಿದರು. ಹೆಂಡತಿ ತಟ್ಟನೆ ಕಿತ್ತುಕೊಂಡಳು.

“ಮುಟ್ಟಬೇಡಿ! ತಪ್ಪು ಹುಡುಕೋ ಅಭ್ಯಾಸ ಬೇಕು ಅಂತ ಕ್ಲಾಸಲ್ಲಿ ಎಲ್ಲರೂ ಕೇಳ್ತಿದ್ರು. ಸಾಲಿಗೊಂದು ತಪ್ಪು ಮಾಡೋಕೆ ನನ್ನಿಂದಂತೂ ಆಗ್ತಿರಲಿಲ್ಲ.” ಹಾಳೆಗಳನ್ನು ಜೋಪಾನವಾಗಿ ಚೀಲಕ್ಕಿಳಿಸಿ, ಗೋಡೆಯ ಕ್ಯಾಲೆಂಡರ್ ಮುಂದೆ ಪೆನ್ನು ಹಿಡಿದು ನಿಂತಳು.

“ಮುಂದಿನ ಪಾಠಕ್ಕೂ ಬೇಕಾಗುತ್ತೆ. ನಿಮಗೆ ಮತ್ತೆ ಯಾವತ್ತು ರಜ?”