ಕೆಡುವುದರ ಪಟ್ಟಿ

ನಮ್ಮ ಕಾಕಾರ ಬಾಯಿಂದ ಒಂದೇ ಒಂದು ಶುಭದ ಮಾತು ಕೇಳಿದವರು ಗೋಕಾಕದಿಂದ ಹುಕ್ಕೇರಿಯವರೆಗೆ ಯಾರಾದರೂ ಇದ್ದರೆ ಮುಂದೆ ಬರಲಿ! ಅವರು ನನಗೆ ಸಂಬಂಧದಲ್ಲಿ ಕಾಕಾ ಅಲ್ಲ. ನಮ್ಮ ಸರ್ಕಾರಿ ಕೃಷಿ ಸಂಶೋಧನಾ ಹೊಲದ ಮೇಲ್ವಿಚಾರಕರು. ಸಾಹೇಬರಿಂದ ಹಿಡಿದು ಕಳೆ ತೆಗೆಯುವ ಹೆಂಗಸರವರೆಗೆ ಎಲ್ಲರಿಗೂ ಕಾಕಾ. ನಾನು ಆಗಷ್ಟೇ ಹಂಗಾಮಿ ಸಹಾಯಕಿಯಾಗಿ ಸೇರಿದ್ದೆ.

ಹೊಸ ಯೋಜನೆ ಬಂತೆಂದರೆ ಉಳಿದವರು ಪೂಜೆಗೆ ತೆಂಗಿನಕಾಯಿ ತರುತ್ತಿದ್ದರು, ಕಾಕಾ ನೋಟುಬುಕ್ಕು ತರುತ್ತಿದ್ದರು. ಬಿತ್ತುವ ಮೊದಲೇ 'ಇದು ಹೇಗೆಲ್ಲ ಕೆಡಬಹುದು' ಎಂದು ಬರೆಯಬೇಕು. ಇಲಿ, ಗಿಳಿ, ಕಾಲುವೆಯ ನೀರು, ಸಾಹೇಬರ ವರ್ಗಾವಣೆ, ಪ್ರತಿಯೊಂದಕ್ಕೂ ಒಂದು ಸಾಲು, ಎದುರಿಗೆ ಒಂದು ಉಪಾಯ. ಹುಟ್ಟುಗುಣ ಸುಟ್ಟರೂ ಹೋದೀತೇ? ಸಂಕೇಶ್ವರದಲ್ಲಿ ನೆಂಟರ ಮದುವೆಗೆ ಹೋದವರು, ಅಕ್ಷತೆ ಬೀಳುವ ಮೊದಲು ಬೀಗರನ್ನು ಪಕ್ಕಕ್ಕೆ ಕರೆದು, ವರನಿಗೆ ಹೊಟ್ಟೆ ಕೆಟ್ಟರೆ ಏನು ವ್ಯವಸ್ಥೆ ಎಂದು ವಿಚಾರಿಸಿದರಂತೆ! ಅವರ ಹೆಂಡತಿ ಕಾಕೂ ಇದನ್ನು ಹೇಳಿ ನಕ್ಕು, "ಇವ್ರ ಪಟ್ಟ್ಯಾಗ ಇಲ್ಲದ ಅನಾಹುತ ಅಂದ್ರ ನಾ ಒಬ್ಬಾಕಿನ ನೋಡವ್ವಾ" ಎಂದಿದ್ದರು.

ಆ ವರ್ಷ ಗೋವಿನಜೋಳದ ಹೊಸ ತಳಿಗಳ ಪರೀಕ್ಷೆ. ನಲವತ್ತು ಮಡಿ; ಪ್ರತಿ ಮಡಿಯ ತಲೆಗೆ ತಳಿಯ ನಂಬರು ಬರೆದ ಕಟ್ಟಿಗೆಯ ಗೂಟ. ಪರಿಶೀಲನೆಗೆ ದೊಡ್ಡ ಸಾಹೇಬರು ಬರುವವರಿದ್ದರು. ಅವರು ಒಪ್ಪದಿದ್ದರೆ ಯೋಜನೆ ಬಂದ್, ನನ್ನ ಕೆಲಸವೂ ಬಂದ್. ಹಿಂದಿನ ದಿನ ನಾನು ಮಹಾ ಉತ್ಸಾಹದಿಂದ, ಹೊಲ ಚೊಕ್ಕ ಕಾಣಬೇಕು, ಕಸಕಡ್ಡಿಯೆಲ್ಲ ತೆಗೆಯಿರಿ ಎಂದು ಹೆಂಗಸರಿಗೆ ಅಪ್ಪಣೆ ಮಾಡಿದೆ. ಅವರು ತೆಗೆದರು. ಗೂಟಗಳನ್ನೂ! ನನಗೆ ಗೊತ್ತಾಗುವಷ್ಟರಲ್ಲಿ ನಲವತ್ತೂ ಗೂಟ ಒಲೆಗೆ ಹೋಗಿ ಎಲ್ಲರಿಗೂ ಚಹಾ ಆಗಿತ್ತು. ನಾನೇ ಎರಡು ಕಪ್ಪು ಕುಡಿದಿದ್ದೆ.

ಇನ್ನು ಯಾವ ಮಡಿ ಯಾವ ತಳಿ? ಹೊಲದ ನಕ್ಷೆಯೇನೋ ಇತ್ತು, ಆದರೆ ಅದು ಹಿಂದಿನ ಸಾಹೇಬರ ಪೆಟ್ಟಿಗೆಯಲ್ಲಿ ಅವರ ಜೊತೆಗೇ ವರ್ಗವಾಗಿ ಹೋಗಿತ್ತು. ಝೆರಾಕ್ಸ್ ಮಾಡಿಸಲು ಯಾರಿಗೂ ನೆನಪಾಗಿರಲಿಲ್ಲ. ಕಾಕಾರ ಮುಂದೆ ನಿಂತು ಅತ್ತೇಬಿಟ್ಟೆ.

ಅವರು ಕುರ್ಪಿ ಹಿಡಿದು ಹೋಗಿ, ಮೊದಲ ಮಡಿಯ ಮೂಲೆಯಲ್ಲಿ ಗೇಣು ಆಳ ಅಗೆದರು. ಬಿಳಿ ಬಣ್ಣದಲ್ಲಿ ನಂಬರು ಬರೆದ ಹಂಚಿನ ಚೂರು ಹೊರಗೆ ಬಂತು.

"ಬಿತ್ತಿದ ದಿನಾನ ಹುಗದಿಟ್ಟೇನಿ. ಕಟಗಿ ಒಲಿಗೆ ಹೋಗತೈತಿ. ಹಂಚ ಯಾರ ಸುಡ್ತಾರ ತಂಗಿ?"

ಸಂಜೆಯೊಳಗೆ ನಲವತ್ತೂ ಸಿಕ್ಕವು. ಅಬ್ಬಾ, ಹೋದ ಜೀವ ಬಂತು! ಮರುದಿನದ ಪರಿಶೀಲನೆ ಸುಸೂತ್ರವಾಗಿ ಮುಗಿಯಿತು, ಯೋಜನೆ ಉಳಿಯಿತು, ನಾನೂ ಉಳಿದೆ.

ಸಾಹೇಬರ ಜೀಪು ಹೋದಮೇಲೆ ಕಾಕಾ ಆ ನೋಟುಬುಕ್ಕನ್ನು ನನ್ನ ಕೈಗಿಟ್ಟು, ಇನ್ನು ಮುಂದೆ ನೀನೇ ಬರಿ ಎಂದರು. ಬಿತ್ತನೆಯ ದಿನದ ಪುಟ ತೆಗೆದೆ. ಇಲಿ, ಗಿಳಿಗಳ ಕೆಳಗೆ ಒಂದು ಸಾಲಿತ್ತು: 'ಹೊಸ ಹುಡುಗಿ ಉತ್ಸಾಹದಲ್ಲಿ ಗೂಟ ಕೀಳಿಸಬಹುದು.' ಎದುರಿಗೆ ಉಪಾಯ: 'ಹಂಚು ಹುಗಿಯುವುದು. ಹುಡುಗಿಗೆ ಬೈಯಬಾರದು, ಮೊದಲೇ ಹೆದರಿರುತ್ತಾಳೆ.'