ಬಾಲವೊಂದಕ್ಕೇ ವಿಮೆ ದಯಪಾಲಿಸಿದ ಕಂಪನಿಯವರಿಗೆ

ಸಾಕುಪ್ರಾಣಿ ವಿಮಾ ವಿಭಾಗದ ಹಿರಿಯ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಮನೆಯವರೂ, ತಮ್ಮ ಕಚೇರಿಯ ಮೇಜು ಕುರ್ಚಿಗಳೂ ಕ್ಷೇಮವೆಂದು ನಂಬಿದ್ದೇನೆ. ನಾನು ಏಳನೇ ಕ್ಲಾಸನ್ನು ಅರ್ಧಕ್ಕೇ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕುಳಿತವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹನ್ನೆರಡು ದಿನದ ಹಿಂದೆ ನಮ್ಮ ಮನೆಗೆ ಬಂದ ನಾಯಿಮರಿ ಗುಂಡಿ ಈ ಸಾಲು ಬರೆಯುವ ಹೊತ್ತಿಗೆ ಕ್ಷೇಮ. ಮುಂದಿನ ಸಾಲಿನ ಹೊತ್ತಿಗೆ ಹೇಗೋ ಹೇಳಲಾರೆ.

ನನ್ನ ಕೋಣೆಯ ನೆಲದ ತುಂಬ ಸೂಜಿ, ಗುಂಡುಪಿನ್ನು, ಕೊಕ್ಕೆ. ಮರಿಯ ಬಾಯಿಯೂ ಸದಾ ಅದೇ ನೆಲದ ಮೇಲೆ. ಒಂದನ್ನು ನುಂಗಿಬಿಟ್ಟರೆ ಏನು ಗತಿ ಎಂದು ನನಗೆ ಊಟವೇ ಸೇರದಾಗಿ, ವಿಮೆ ಮಾಡಿಸಲೇ ಎಂದು ಅತ್ತೆಯನ್ನು ಕೇಳಿದ್ದಕ್ಕೆ, "ನಿನ್ನ ಗಂಡನಿಗೇ ವಿಮೆ ಇಲ್ಲ ಕಣೇ, ಅವನೇನು ಬಾಲ ಅಲ್ಲಾಡಿಸಲ್ವಾ?" ಎಂದರು. ಪಕ್ಕದಲ್ಲೇ ಇದ್ದ ಯಜಮಾನರು ಮೆಲ್ಲಗೆ ಎದ್ದು ಗುಂಡಿಯ ಪಕ್ಕ ಹೋಗಿ ಕೂತರು.

ಆದರೂ ಮನಸ್ಸು ತಡೆಯದೆ ತಮ್ಮ ಅರ್ಜಿ ತರಿಸಿದೆ. 'ಹಿಂದಿನ ತೊಂದರೆಗಳನ್ನು ಮುಚ್ಚಿಡದೆ ಬರೆಯಿರಿ' ಎಂದಿತ್ತು. ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಟ್ಟರೆ ಅಂಗಿ ಕೂರುವುದಿಲ್ಲವೆಂದು ಬಲ್ಲ ನಾನು, ನನ್ನ ಅಳತೆ ಪುಸ್ತಕದಲ್ಲಿ ಗಿರಾಕಿಗಳ ತೋಳು ಸೊಂಟಗಳ ಪಕ್ಕದಲ್ಲೇ ಗುರುತು ಹಾಕಿಟ್ಟಿದ್ದ ಗುಂಡಿಯ ಸಮಾಚಾರವನ್ನೆಲ್ಲ ನಕಲು ಮಾಡಿ, ಒಂಬತ್ತು ಹಾಳೆ ಸೇರಿಸಿ ಕಳಿಸಿದೆ.

ತಮ್ಮ ಉತ್ತರ ಓದಿ ಧನ್ಯಳಾದೆ. ಎರಡು ಸಲ ಸೀನಿದ್ದಕ್ಕೆ ಮೂಗು, ಒಮ್ಮೆ ಬಿಕ್ಕಳಿಸಿದ್ದಕ್ಕೆ ಹೊಟ್ಟೆ, ಹೊಸ್ತಿಲಲ್ಲಿ ಮುಗ್ಗರಿಸಿದ್ದಕ್ಕೆ ನಾಲ್ಕೂ ಕಾಲು, ಕರೆದರೆ ಕೇಳದ ಹಾಗೆ ಕೂತಿದ್ದಕ್ಕೆ ಕಿವಿ, ನನ್ನ ಚಪ್ಪಲಿ ಕಡಿದದ್ದಕ್ಕೆ ಹಲ್ಲು, ಹೀಗೆ ಒಂದೊಂದನ್ನೇ ಹೊರಗಿಟ್ಟು, ಬಾಲಕ್ಕೆ ಮಾತ್ರ ಸಂಪೂರ್ಣ ರಕ್ಷಣೆ ಕೊಟ್ಟಿದ್ದೀರಿ; ಕಂತು ಮಾತ್ರ ಇಡೀ ನಾಯಿಯದು. ಇಪ್ಪತ್ತು ವರ್ಷ ಕತ್ತರಿ ಹಿಡಿದರೂ, ಪೂರ್ತಿ ಅಂಗಿಯ ಕೂಲಿ ತೆಗೆದುಕೊಂಡು ಬರೀ ಕಾಲರ್ ಹೊಲಿದುಕೊಡುವ ಕೈಚಳಕ ನನಗೆ ಬಂದಿಲ್ಲ. ತಮ್ಮಲ್ಲಿ ಕಲಿಯಲು ಒಂದು ವಾರ ಬರಬಹುದೇ?

ಉತ್ತರದ ಜೊತೆ ತಾವು ಕಳಿಸಿದ ವಿಮಾ ಪತ್ರಕ್ಕೆ ಸಹಿ ಹಾಕಲು ಇಂದು ಸಂಜೆಯೇ ಕೊನೆಯಂತೆ. ಅದಕ್ಕೆ ಮುಂಚೆ ಒಂದೆರಡು ಅರಿಕೆ. ಗುಂಡಿ ನುಂಗುವ ಸೂಜಿ ಹೊಟ್ಟೆಯಲ್ಲಿ ನಿಲ್ಲದೆ ನೇರವಾಗಿ ಬಾಲಕ್ಕೇ ಹೋಗುವಂತೆ ತಮ್ಮ ಕಡೆಯಿಂದ ಒಂದು ಆದೇಶ ಹೊರಡಿಸಬೇಕು. ಇನ್ನೊಂದು: ಬಾಲ ಸ್ವಲ್ಪ ಡೊಂಕು, ಹುಟ್ಟಿನಿಂದಲೇ. ಲೋಕವೆಲ್ಲ ಗಾದೆ ಕಟ್ಟಿ ಆಡಿಕೊಳ್ಳುವ ಈ ದೋಷವನ್ನು ನಾನು ಮುಚ್ಚಿಟ್ಟೆನೆಂದು ಆಮೇಲೆ ಅನ್ನಬೇಡಿ.

ಸದ್ಯಕ್ಕೆ ಇರಲಿ ಎಂದು ಒಂದು ದಪ್ಪ ಆಯಸ್ಕಾಂತ ತಂದು ದಿನಕ್ಕೆ ಮೂರು ಸಲ ನೆಲದ ಮೇಲೆ ಎಳೆಯುತ್ತಿದ್ದೇನೆ. ಅದು ಹಿಂದೆ ಯಾರು ಸೀನಿದ್ದರೆಂದು ಕೇಳದೆ ಸೂಜಿಗಳನ್ನೆಲ್ಲ ಎತ್ತಿಕೊಳ್ಳುತ್ತದೆ.

ಬಾಲದ ಮಟ್ಟಿಗೆ ತಮ್ಮ ವಿಶ್ವಾಸಿ,
ಮೂಲೆ ಅಂಗಡಿಯ ಹೊಲಿಗೆಯವಳು

ತಾ.ಕ.: ಸಹಿ ಹಾಕೋಣವೆಂದು ಪೆನ್ನು ಎತ್ತಿದೆ. ಅಷ್ಟರಲ್ಲಿ ಗುಂಡಿ ಗಿರಗಿರನೆ ತಿರುಗಿ ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿತು. ಬಾಲ ತಮ್ಮದು, ಹಲ್ಲು ನನ್ನದು. ಯಾರು ಯಾರಿಗೆ ಪರಿಹಾರ ಕೊಡಬೇಕೆಂದು ತಿಳಿಸಿ. ಅಲ್ಲಿಯವರೆಗೆ ಬಾಲ ಬಿಡಲಿ ಎಂದು ಅದರ ಬಾಯಿಗೆ ತಮ್ಮ ವಿಮಾ ಪತ್ರವನ್ನೇ ಕೊಟ್ಟಿದ್ದೇನೆ. ಷರತ್ತುಗಳ ಪುಟ ಬಹಳ ಹಿಡಿಸಿದಂತಿದೆ.