ಕರಂಜ ಎಂದು ಹೆಸರು ಬದಲಿಸಿಕೊಂಡ ಹೊಂಗೆ ಎಣ್ಣೆಯವರಿಗೆ

ಶ್ರೀಮತ್ ಕರಂಜ ಬೀಜ ತೈಲದವರ ಸನ್ನಿಧಾನಕ್ಕೆ,
ವಾಸ್ತವ್ಯ: ನಮ್ಮ ಅಡುಗೆಮನೆಯ ಮೇಲಿನ ಕಪಾಟು, ಸ್ಯಾಟಲೈಟ್, ಅಹಮದಾಬಾದ್.

ಮಾನ್ಯರೇ,

ತಮ್ಮ ಕಪಾಟಿನ ಕೆಳಗೆ ದಿನಾ ಬೆಳಗ್ಗೆ ಚಹಾ ಕುದಿಸುವ ತಾರಾ ಬಾಲಚಂದ್ರ ಎಂಬುವಳು ಕೈಮುಗಿದು ಬಹಿರಂಗವಾಗಿ ಬರೆದುಕೊಳ್ಳುವುದೇನೆಂದರೆ, ತಮ್ಮ ಕೃಪೆಯಿಂದ ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ, ನಮ್ಮ ಯಜಮಾನರ ನಾಲಿಗೆಯೊಂದನ್ನು ಬಿಟ್ಟು. ಅದೂ ಚೇತರಿಸಿಕೊಳ್ಳುತ್ತಿದೆ, ನಿನ್ನೆ ಸಾರಿಗೆ ಉಪ್ಪು ಕಡಿಮೆ ಎನ್ನುವಷ್ಟು ಸುಧಾರಿಸಿದೆ. ಕತ್ತೆತ್ತಿದರೆ ಕಾಣುವಷ್ಟು ಹತ್ತಿರವಿದ್ದೂ ಪತ್ರವೇಕೆ ಎಂದು ತಾವು ಕೇಳಬಹುದು. ಎಣ್ಣೆಯ ಡಬ್ಬಿಯ ಎದುರು ನಿಂತು ಜಗಳವಾಡುವ ಹೆಂಗಸನ್ನು ಕಂಡರೆ ಎದುರು ಫ್ಲ್ಯಾಟಿನ ಊರ್ಮಿಳಾಬೆನ್ ಏನೆಂದುಕೊಂಡಾರು ಎಂಬ ಒಂದೇ ಕಾರಣಕ್ಕೆ ಈ ಕಾಗದದ ಮರೆ ಹಿಡಿದಿದ್ದೇನೆ.

ನಾನು ಬೈಲಹೊಂಗಲದವಳು. ಊರಿನ ಹೆಸರಿನಲ್ಲೇ ಹೊಂಗೆ ಕೇಳಿಸುತ್ತದೆ. ಅದು ನಿಜಕ್ಕೂ ಹೊಂಗೆಯೋ ಬೇರೆ ಏನೋ ಎಂಬುದನ್ನು ಪಂಡಿತರು ಕೂತು ಬಡಿದಾಡಿಕೊಳ್ಳಲಿ, ನನ್ನ ಕಿವಿಗಂತೂ ಹೊಂಗೆಯೇ. ಯಜಮಾನರು ಬಾಲಚಂದ್ರ, ಉಪಗ್ರಹಗಳಿಗೆ ಕಟ್ಟಿ ಕಳಿಸುವ, ಬಿಸಿಲನ್ನು ಅಳೆಯುವ ಉಪಕರಣಗಳ ಕೆಲಸದವರು. ಗಂಡ ಬಾಲಚಂದ್ರ, ಹೆಂಡತಿ ತಾರಾ, ನೌಕರಿ ಉಪಗ್ರಹದ್ದು, ಮನೆ ಸ್ಯಾಟಲೈಟ್ ಎಂಬ ಹೆಸರಿನ ಬಡಾವಣೆಯಲ್ಲಿ. ಇಷ್ಟೆಲ್ಲ ಆಕಾಶವನ್ನು ಮನೆತುಂಬ ಇಟ್ಟುಕೊಂಡವರ ಮಗಳು ಒಂದು ವರ್ಷ ಆಕಾಶದ ಕೆಳಗೆ ನಿಲ್ಲಲಿಲ್ಲ ಎಂಬುದೇ ನನ್ನ ಸಂಕಟ, ಆ ಸಂಕಟದ ನಡುವೆ ತಾವು ಕಾಲಿಟ್ಟಿದ್ದೇ ನನ್ನ ದೂರು.

ಮಗಳು ಅರ್ಚಿತಾ ನವರಂಗಪುರದ ಕಾಲೇಜಿನಲ್ಲಿ ಓದುತ್ತಾಳೆ. ಇಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ಕನ್ನಡವನ್ನು ಬಾಡಿಗೆ ಸೈಕಲ್ಲಿನ ಹಾಗೆ ಹುಷಾರಾಗಿ ಬಳಸುತ್ತಾಳೆ, ಗಾಳಿಪಟದಲ್ಲಿ ಮಾತ್ರ ಅಪ್ಪಟ ಅಹಮದಾಬಾದಿನವಳು. ನಮ್ಮ ಸಂಕ್ರಾಂತಿಗೆ ಇಲ್ಲಿ ಉತ್ತರಾಯಣ ಎನ್ನುತ್ತಾರೆ, ಆ ದಿನ ಈ ಊರು ಮನೆಯೊಳಗಿರುವುದಿಲ್ಲ, ಟೆರೇಸಿನ ಮೇಲಿರುತ್ತದೆ. ಅಪ್ಪ ದಾರದ ಉರುಳೆ, ಇವರ ಭಾಷೆಯಲ್ಲಿ ಫಿರಕಿ, ಹಿಡಿದು ಹಿಂದೆ ನಿಂತರೆ ಮಗಳು ಸುತ್ತಲಿನ ಟೆರೇಸುಗಳ ಪಟಗಳನ್ನೆಲ್ಲ ಕತ್ತರಿಸಿ ಕೆಡವುತ್ತಿದ್ದಳು. ಎರಡು ಕೈಯಿಂದ ದಾರ ಎಳೆಯುತ್ತ, ಬಾಯಿಗೆ ನಾನು ಎಳ್ಳುಂಡೆ ಹಾಕಿದರೆ ಆಕಾಶದಿಂದ ಕಣ್ಣು ಕೀಳದೆ ಅಗಿಯುತ್ತಿದ್ದ ಹುಡುಗಿಯದು. ಹೋದ ವರ್ಷ ಮಧ್ಯಾಹ್ನ ಊರ್ಮಿಳಾಬೆನ್ ತರಕಾರಿಯ ಉಂಧಿಯು ತುಂಬಿದ ತಟ್ಟೆ ಹಿಡಿದು ಮೇಲೆ ಬಂದರು. ಅವಳ ಮುಖ ನೋಡಿ, ಯಾವ ಕೆಟ್ಟ ಮನಸ್ಸೂ ಇಲ್ಲದೆ, "ಅರೇ, ಅರ್ಚಿತಾ ತೋ ಕಾಳೀ ಥಈ ಗಈ" ಅಂದರು. ಅರ್ಚಿತಾ ಕಪ್ಪಾಗಿಬಿಟ್ಟಳಲ್ಲ, ಎಂದು. ಅಷ್ಟೇ ಮಾತು. ಪಟ ಮೇಲಿದ್ದಂತೆಯೇ ದಾರವನ್ನು ಅಪ್ಪನ ಕೈಗೆ ಕೊಟ್ಟು ಹುಡುಗಿ ಕೆಳಗಿಳಿದು ಬಂದಳು.

ಈ ಊರಿನ ಹುಡುಗಿಯರು ಸ್ಕೂಟರ್ ಹತ್ತಿದರೆ ಕಣ್ಣಷ್ಟೇ ಬಿಟ್ಟು ಮುಖಕ್ಕೆ ದುಪಟ್ಟಾ ಸುತ್ತಿಕೊಳ್ಳುವುದು ವಾಡಿಕೆ. ನಮ್ಮವಳು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲೂ ಸುತ್ತಿಕೊಳ್ಳತೊಡಗಿದಳು. ಮನೆಯ ಪರದೆಗಳು ಇಳಿದವು. ಸಂಜೆ ಕರೆದರೂ ಟೆರೇಸಿಗೆ ಬರಲಿಲ್ಲ. ಸೂರತ್ತಿನ ಹತ್ತಿರ ಸಚಿನ್ ಎಂಬ ಊರಿನ ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ತಮ್ಮ ವಾಸುದೇವ ಇದನ್ನು ನೋಡಲಾರದೆ ಔಷಧದ ಅಂಗಡಿಯಿಂದ ಒಳ್ಳೆಯದೇ ಒಂದು ಸನ್‌ಸ್ಕ್ರೀನ್ ಟ್ಯೂಬು ತಂದುಕೊಟ್ಟ. ಅವಳು ಅದನ್ನು ತಿರುಗಿಸಿ ನೋಡಿ, ಇದರಲ್ಲಿ ಕೆಮಿಕಲ್ ಇದೆ ಮಾಮಾ, ಎಂದಳು. ಕೆಮಿಕಲ್ಲಿನಲ್ಲೇ ಅನ್ನ ತಿನ್ನುವ ಮನುಷ್ಯ, ನೀರೂ ಕೆಮಿಕಲ್ಲೇ ಎಂದು ಹೇಳಲು ಹೋದವನು ಟ್ಯೂಬನ್ನು ಟಿವಿಯ ಪಕ್ಕ ಇಟ್ಟು ಸೂರತ್ತಿನ ರೈಲು ಹತ್ತಿದ.

ಆಗ ಬಂದಿರಿ ತಾವು. ಗಿಡದ ಬೀಜ ಹಿಂಡಿದ ಎಣ್ಣೆಗಳೇ ಸಾಕು, ಬಿಸಿಲು ಮೈಮುಟ್ಟುವುದಿಲ್ಲ, ಎಂದು ಫೋನಿನ ವಿಡಿಯೋದಲ್ಲಿ ಯಾರೋ ಒಬ್ಬಾಕೆ ಕಿಟಕಿಯ ಬೆಳಕಿನಲ್ಲಿ ಕೂತು ಹೇಳಿದಳಂತೆ. ಕ್ಯಾರೆಟ್ ಬೀಜದವರು, ರಾಸ್‌ಬೆರಿ ಬೀಜದವರು, ಎಲ್ಲರಿಗಿಂತ ಮೇಲೆ ತಾವು. ಕಂದು ಗಾಜಿನ ಪುಟ್ಟ ಸೀಸೆ, ಬಾಯಲ್ಲಿ ರಬ್ಬರಿನ ಪಿಚಕಾರಿ, ಕತ್ತಿಗೆ ಸೆಣಬಿನ ದಾರ. ನಮ್ಮ ಮನೆಯಲ್ಲಿ ತೀರ್ಥಕ್ಕೂ ಇಷ್ಟು ಮರ್ಯಾದೆ ಸಿಕ್ಕಿಲ್ಲ. ಎಣ್ಣೆ ಚರ್ಮಕ್ಕೆ ಒಳ್ಳೆಯದು, ಬಿಸಿಲಿಗೆ ಅದು ಕೊಡೆಯಲ್ಲ, ಎಂದು ಬಿಸಿಲು ಅಳೆದೇ ಸಂಬಳ ತರುವ ತಂದೆ ಹೇಳಿದರೆ, ಅಪ್ಪ ನೀವು ಉಪಗ್ರಹದ ಬಿಸಿಲಿನವರು, ಇದು ಬೇರೆ, ಅಂದಳು. ಸೀಸೆ ಬೇಗ ಮುಗಿಯುತ್ತದೆಂದು ವಡೋದರಾದ ಒಂದು ಗಾಣದಿಂದ ತಮ್ಮನ್ನು ದೊಡ್ಡ ಡಬ್ಬಿಯಲ್ಲೇ ತರಿಸಿಕೊಂಡು, ಗಾಳಿ ಬೆಳಕು ಬಡಿಯಬಾರದೆಂದು ನನ್ನ ಕಪಾಟಿನಲ್ಲಿ ಇಟ್ಟಳು. ನನಗೆ ಹೇಳಲಿಲ್ಲ. ಡಬ್ಬಿಯ ಮೇಲೆ ಗುಜರಾತಿಯಲ್ಲಿ ಮಾತ್ರ ಬರೆದಿತ್ತು.

ಈ ಸಲ ಉತ್ತರಾಯಣದ ಹಿಂದಿನ ದಿನ ಎಳ್ಳು ಬೆಲ್ಲದ ಹೂರಣ ತುಂಬಿ ಕರ್ಜಿಕಾಯಿ ಮಾಡಲು ಕೂತೆ. ತಿನ್ನುವ ಆಸೆಗಾದರೂ ಮಗಳು ಮೇಲೆ ಬಂದಾಳು ಎಂಬುದು ನನ್ನ ಲೆಕ್ಕಾಚಾರ. ಶೇಂಗಾ ಎಣ್ಣೆ ತೀರಿಹೋಗಿತ್ತು. ಕಪಾಟಿನಲ್ಲಿ ಹುಡುಕಿದರೆ ತಾವು ಸಿಕ್ಕಿರಿ. ನನ್ನ ಗುಜರಾತಿ ಓದು ಅಕ್ಷರ ಕೂಡಿಸಿಕೊಂಡು ನಡೆಯುವಂಥದ್ದು: ಕ, ರಂ, ಜ, ಆಮೇಲೆ ತೇಲ. ಮಾನ್ಯರೇ, ನಮ್ಮ ಬೆಳಗಾವಿ ಸೀಮೆಯಲ್ಲಿ ಮರಾಠಿಯ ಒಡನಾಟದಿಂದ ಕರ್ಜಿಕಾಯಿಗೆ ಕರಂಜಿ ಎಂದೂ ಅನ್ನುತ್ತಾರೆ. ಎಂಥ ಊರಿದು, ಕರಂಜಿ ಕರಿಯಲೆಂದೇ ಬೇರೆ ಎಣ್ಣೆ ತೆಗೆಯುತ್ತಾರಲ್ಲ, ವ್ಯಾಪಾರ ಎಂದರೆ ಗುಜರಾತಿಗಳದ್ದೇ, ಎಂದು ಮನಸಾರೆ ಮೆಚ್ಚಿಕೊಂಡು ತಮ್ಮನ್ನು ಕಡಾಯಿಗೆ ಸುರಿದೆ.

ತಾವು ಕಾದಿರಿ. ಕಾದ ಮೇಲೆ ತಮ್ಮ ನಿಜವಾದ ಹೆಸರು ಹೊರಗೆ ಬಂತು. ಅಡುಗೆಮನೆಯಿಂದ ಎದ್ದ ಕಹಿ ಘಾಟು ನನ್ನನ್ನು ನೆಟ್ಟಗೆ ತವರಿನ ದನದ ಕೊಟ್ಟಿಗೆಗೆ ಒಯ್ದು ನಿಲ್ಲಿಸಿತು. ಹೊಂಗೆ ಎಣ್ಣೆ! ನಮ್ಮಪ್ಪ ಉಣ್ಣಿ ಹತ್ತಬಾರದೆಂದು ಎಮ್ಮೆಯ ಮೈಗೆ ತಿಕ್ಕುತ್ತಿದ್ದ, ಮನೆಯೊಳಗೆ ತಂದರೆ ಅವ್ವ ಬೈಯುತ್ತಿದ್ದ ಅದೇ ಹೊಂಗೆ ಎಣ್ಣೆ, ಹೆಸರು ಬದಲಿಸಿಕೊಂಡು, ಗಾಜಿನ ಸೀಸೆಯಲ್ಲಿ ಕೂತು, ನನ್ನ ಮಗಳ ಕೋಣೆಯ ಕನ್ನಡಿಯ ಮುಂದೆ ರಾಜೋಪಚಾರ ಪಡೆಯುತ್ತಿತ್ತು. ಪರವೂರಿಗೆ ಬಂದವರು ಹೆಸರನ್ನು ತುಸು ತಿದ್ದಿಕೊಳ್ಳುವುದು ಇದ್ದದ್ದೇ. ಆದರೆ ಸ್ವಂತ ಊರಿನವಳು ಕೈಯಲ್ಲಿ ಹಿಡಿದಾಗಲಾದರೂ ಗುರುತು ಕೊಡಬೇಡವೇ? ಆ ದಿನ ಶೀತದಿಂದ ಕಟ್ಟಿದ್ದ, ಕಾಯುವ ಮೊದಲು ತಮ್ಮ ವಾಸನೆ ಹಿಡಿಯದೆ ಹೋದ ನನ್ನ ಮೂಗನ್ನು ತಾವು ಹೀಗೆ ದುರುಪಯೋಗ ಮಾಡಿಕೊಳ್ಳಬಾರದಿತ್ತು.

ನಾನು ಬೇಡ ಎನ್ನುವಷ್ಟರಲ್ಲಿ ಯಜಮಾನರು ಮೊದಲ ಕರ್ಜಿಕಾಯಿ ಬಾಯಿಗೆ ಹಾಕಿಕೊಂಡಾಗಿತ್ತು. ಅಗಿದರು, ನಿಂತರು, ಸಿಂಕಿನ ಕಡೆಗೆ ನಡೆದು ಉಗಿದು, ನೀರಿನ ಮೇಲೆ ನೀರು ಮುಕ್ಕಳಿಸಿ, ಇದರಲ್ಲಿ ಏನು ಹಾಕಿದ್ದೀಯ ಎಂದು ಬಹಳ ಸೌಮ್ಯವಾಗಿ ಕೇಳಿದರು. ವೈರು ಸುಡುತ್ತಿದೆಯೇ ಎಂದು ಊರ್ಮಿಳಾಬೆನ್ ಬಾಗಿಲು ತಟ್ಟಿದರು. ಘಾಟಿಗೆ ಮಗಳು ಓಡಿಬಂದು ಡಬ್ಬಿ ನೋಡಿದಳು, ಕಡಾಯಿ ನೋಡಿದಳು, ನನ್ನನ್ನು ನೋಡಿದಳು.

"ಅವ್ವಾ, ನೀ ನನ್ನ ಸನ್‌ಸ್ಕ್ರೀನ್ ಫ್ರೈ ಮಾಡ್ದಿ."

ನನಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅವಳಿಗೆ ತಮ್ಮ ಪೂರ್ವಾಶ್ರಮವನ್ನೆಲ್ಲ ಹೇಳಿದೆ: ಹೊಂಗೆ ಎಂದರೇನು, ನಮ್ಮ ನೀಲಿ ಎಂಬ ಎಮ್ಮೆಗೆ ನೊಸಲಿನಿಂದ ಬಾಲದವರೆಗೆ ಹೇಗೆ ತಿಕ್ಕುತ್ತಿದ್ದೆವು. ಅವಳು ಸಿಟ್ಟಾಗುತ್ತಾಳೆಂದುಕೊಂಡಿದ್ದೆ. ಅವಳು ಎಲ್ಲವನ್ನೂ ಗಂಭೀರವಾಗಿ ಕೇಳಿ, ಕನ್ನಡದ ಮಾತುಗಳನ್ನು ಒಂದೊಂದಾಗಿ ಹುಡುಕಿ ಜೋಡಿಸಿ, ಒಂದೇ ಪ್ರಶ್ನೆ ಹಾಕಿದಳು.

"ಮತ್ತ ಎಮ್ಮೆ ಬೆಳ್ಳಗ ಆಯ್ತು?"

"ಇಲ್ಲವ್ವಾ, ಕರ್ರಗ ಮಿಂಚತಿತ್ತು. ಹೊಳಿಗೆ ಹೊಂಟ್ರ ಮಂದಿ ನಿಂತು ನೋಡತಿದ್ರು."

ಅವಳು ನಕ್ಕಳೋ ಇಲ್ಲವೋ ಎಂದು ಹೊಗೆಯಲ್ಲಿ ನನಗೆ ಸರಿಯಾಗಿ ಕಾಣಲಿಲ್ಲ.

ಮಾರನೆಯ ಬೆಳಗ್ಗೆ ತಾನಾಗಿಯೇ ಟೆರೇಸಿಗೆ ಹೊರಟಳು. ಎಂಥ ಸಂತೋಷ ನನಗೆ! ಆದರೆ ಹೋಗುವ ಮುಂಚೆ, ಅಭ್ಯಾಸಬಲದಿಂದ, ತಮ್ಮನ್ನೇ ಮುಖಕ್ಕೂ ತೋಳಿಗೂ ಬಳಿದುಕೊಂಡು ಹೋದಳು. ಮಾನ್ಯರೇ, ಗಾಜಿನ ಪುಡಿ ಹಚ್ಚಿದ ದಾರ ಬೆರಳು ಕೊಯ್ಯಬಾರದೆಂದು ಇಲ್ಲಿ ಎಲ್ಲರೂ ಬೆರಳಿಗೆ ಪಟ್ಟಿ ಸುತ್ತಿಕೊಳ್ಳುತ್ತಾರೆ. ತಾವಿದ್ದ ಬೆರಳಿನಲ್ಲಿ ಪಟ್ಟಿ ನಿಲ್ಲಲಿಲ್ಲ, ದಾರ ಹಿಡಿತಕ್ಕೆ ಸಿಗಲಿಲ್ಲ. ಒಂದು ವರ್ಷದ ನಂತರ ಏರಿಸಿದ ಮೊದಲ ಪಟ ಯಾರೂ ಕತ್ತರಿಸದೆಯೇ ಕೈಜಾರಿ ಹೋಯಿತು. ಪಕ್ಕದ ಟೆರೇಸಿನ ಹುಡುಗರು ಪೀಪಿ ಊದಿ ಸಂಭ್ರಮಿಸಿದರು. ಮಧ್ಯಾಹ್ನದ ಹೊತ್ತಿಗೆ ಅವಳ ಮೂಗು, ತೋಳು ಚುರುಚುರು ಉರಿಯತೊಡಗಿದವು. ಹಿಂದಿನ ದಿನ ನಾನು ಕಡಾಯಿಯಲ್ಲಿ ಮಾಡಿದ ಕೆಲಸವನ್ನು ಅಂದು ಸೂರ್ಯ ಟೆರೇಸಿನಲ್ಲಿ ಮಾಡುತ್ತಿದ್ದ. ಸೂರ್ಯನಿಗೂ ತಮಗೂ ಒಪ್ಪಂದವಾಗಿದೆ ಎಂದು ನಂಬಿದ್ದ ಹುಡುಗಿ ಫಿರಕಿಯನ್ನು ನೆಲಕ್ಕಿಟ್ಟು ಕೆಳಗಿಳಿದು ಹೋದಳು.

ಅಪ್ಪ ಅವಳ ಹಿಂದೆ ಹೋಗಲೇ ಎಂದು ಕಣ್ಣಿನಲ್ಲೇ ಕೇಳಿದರು. ಬೇಡ ಅಂದೆ. ಹೋದ ವರ್ಷದ ಮೆಟ್ಟಿಲು, ಹೋದ ವರ್ಷದ ಚಪ್ಪಲಿ ಸದ್ದು. ನಾನು ಎಳ್ಳುಂಡೆಯ ಡಬ್ಬಿ ಮಡಿಲಲ್ಲಿಟ್ಟುಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು (ಕ್ಷಮಿಸಿ, ತಮ್ಮನ್ನಲ್ಲ) ಬಾಗಿಲನ್ನೇ ನೋಡುತ್ತ ಕೂತೆ. ಅಳು ಬಂದಿತ್ತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅವಳು ಮತ್ತೆ ಬಂದಳು. ಸೋಪಿನಿಂದ ತೊಳೆದ ಮುಖ, ಟಿವಿಯ ಪಕ್ಕದಲ್ಲಿ ಧೂಳು ತಿನ್ನುತ್ತಿದ್ದ ವಾಸುದೇವ ಮಾಮಾನ ಟ್ಯೂಬಿನ ಬಿಳಿ ಗೆರೆ ಮೂಗಿನ ಮೇಲೆ, ತಲೆಗೆ ಅಪ್ಪನ ಹಳೆಯ ಆಫೀಸಿನ ಟೋಪಿ. ಬೆರಳಿಗೆ ಪಟ್ಟಿ ಬಿಗಿದು ಸುತ್ತಿಕೊಂಡಳು. ಆಮೇಲೆ ಆಕಾಶದಲ್ಲಿ ನಡೆದದ್ದನ್ನು ಪೀಪಿ ಊದಿದ ಹುಡುಗರನ್ನೇ ತಾವು ಕೇಳಬೇಕು.

ಇಳಿಹೊತ್ತಿಗೆ ಊರ್ಮಿಳಾಬೆನ್ ಬಂದರು, ಅದೇ ಉಂಧಿಯು, ಅದೇ ತಟ್ಟೆ. ಅವರು ಅವಳ ಮುಖ ನೋಡಿ, ಅದೇ ಪ್ರೀತಿಯಿಂದ, ಅದೇ ಮಾತು ಆಡಿದರು: ಅರ್ಚಿತಾ ಕಪ್ಪಾಗಿಬಿಟ್ಟಳಲ್ಲ. ಮಗಳು ಆಕಾಶದಿಂದ ಕಣ್ಣು ಕೀಳಲಿಲ್ಲ.

"ಹಾ ಮಾಸಿ, ಅಮಾರೀ ಭೇಂಸ್ ಜೇವೀ. ಫಿರಕೀ ಪಕಡೋ."

ಹೌದು ಚಿಕ್ಕಮ್ಮ, ನಮ್ಮ ಎಮ್ಮೆಯ ಹಾಗೆ. ಈ ಉರುಳೆ ಹಿಡಿದುಕೊಳ್ಳಿ. ಊರ್ಮಿಳಾಬೆನ್ ಏನು ಮಾಡಬೇಕೆಂದು ತಿಳಿಯದೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಫಿರಕಿ ಹಿಡಿದರು. ಹೊತ್ತು ಮುಳುಗುವವರೆಗೆ ಬಿಡಲಿಲ್ಲ. ನಾನು ಮಗಳ ಬಾಯಿಗೆ ಎಳ್ಳುಂಡೆ ಹಾಕಿದೆ, ಅವಳು ಅಗಿದಳು.

ಹಾಗೆಂದು ತಮ್ಮಲ್ಲಿ ಗುಣವೇ ಇಲ್ಲವೆನ್ನುವಷ್ಟು ಕೃತಘ್ನಳಲ್ಲ ನಾನು. ಉಳಿದ ತಮ್ಮನ್ನು ಹಿಮ್ಮಡಿಗೆ ಹಚ್ಚಿಕೊಳ್ಳುತ್ತಿದ್ದೇನೆ, ಬಿರುಕು ಮುಚ್ಚಿದೆ. ಚರ್ಮ ಮೃದುವಾಗಿಸುವ ತಮ್ಮ ವಿದ್ಯೆಗೆ ನೂರು ನಮಸ್ಕಾರ. ಬಿಸಿಲಿನ ಕೆಲಸವನ್ನಷ್ಟೇ ದಯವಿಟ್ಟು ಬಿಟ್ಟುಕೊಡಿ. ಅದು ತಮ್ಮಿಂದ ಆಗುವುದಿಲ್ಲ. ಸಾಧ್ಯವಾದರೆ ಬರುವ ಉತ್ತರಾಯಣದೊಳಗೆ ತಮ್ಮ ಡಬ್ಬಿಯ ಮೇಲೆ ತಾವೇ ಎದ್ದು ಕೂತು ಹುಟ್ಟಿದ ಹೆಸರನ್ನು ದುಂಡಗಿನ ಕನ್ನಡದಲ್ಲಿ ಬರೆದುಕೊಳ್ಳಬೇಕು, ಕಾಯಿಸುವ ಮೊದಲೇ ಒಮ್ಮೆ ಕೆಮ್ಮಿ ನನ್ನನ್ನು ಎಚ್ಚರಿಸಬೇಕು, ಸಚಿನ್‌ಗೆ ಹೋಗಿ ನನ್ನ ತಮ್ಮನ ಕ್ಷಮೆ ಕೇಳಬೇಕು, ಮತ್ತು ನಮ್ಮ ನೀಲಿ ಇಂದು ಯಾವ ಹೊಳೆಯ ದಂಡೆಯಲ್ಲಿ ಮಿಂಚುತ್ತಿದ್ದಾಳೋ ಅಲ್ಲಿಗೆ ನನ್ನ ಮಗಳ ನಮಸ್ಕಾರ ಮುಟ್ಟಿಸಬೇಕು ಎಂದು ಕೋರುತ್ತೇನೆ.

ಇಂತು, ತಮ್ಮದೇ ಊರ ಕಡೆಯವಳೂ
ತಮ್ಮ ವಿಶ್ವಾಸಿಯೂ ಆದ,
ತಾರಾ ಬಾಲಚಂದ್ರ

ತಾ.ಕ.: ಆ ಸಂಜೆ ಫಿರಕಿ ಹಿಡಿದು ನಿಂತ ಊರ್ಮಿಳಾಬೆನ್ ಬಿಸಿಲಿಗೆ ಕಪ್ಪಾಗಿದ್ದಾರೆ. ನನಗೂ ಮುಖಕ್ಕೆ ಹಚ್ಚಲು ಏನಾದರೂ ಸಹಜವಾದದ್ದು ಬೇಕು ಎಂದರು. ಟ್ಯೂಬು ತೋರಿಸಿದೆ, ಕೆಮಿಕಲ್ ಎಂದು ಮೂಗು ಮುರಿದರು. ಕರಂಜದ ಎಣ್ಣೆ ಎಂದೆ, ಅದೇನು ಮಹಾ, ನಮ್ಮಲ್ಲಿ ರಸ್ತೆಯ ಬದಿಗೆಲ್ಲ ಇದೆ ಎಂದರು. ಹಾಗಾದರೆ ನಮ್ಮ ಕರ್ನಾಟಕದಲ್ಲಿ ಹೊಂಗೆ ಎಂಬುದೊಂದಿದೆ ಎಂದೆ. ಕಣ್ಣರಳಿಸಿ, ಊರಿನಿಂದ ಹೇಗಾದರೂ ತರಿಸಿಕೊಡು ಎಂದು ನನ್ನ ಕೈ ಹಿಡಿದಿದ್ದಾರೆ. ಕಂದು ಸೀಸೆ ಖಾಲಿಯಿದೆ, ಸೆಣಬಿನ ದಾರವೂ ಇದೆ. ತಾವು ಸಿದ್ಧರಾಗಿರಿ.